ಬ್ರೂನೋನನ್ನು ತೋಟಕ್ಕೆ ಕಳಿಸುವ ಮುಂಚೆ

ಪ್ರೀತಿಯ ಸುಮಾ,

ನಿನ್ನ ಮೆಸೇಜು ಓದಿ ಮೊದಲು ಸಿಟ್ಟೇ ಬಂತು. 'ದೊಡ್ಡಪ್ಪ, ನಮ್ಮ ಬ್ರೂನೋನನ್ನು ನಿಮ್ಮ ತೋಟಕ್ಕೆ ಬಿಟ್ಟರೆ ಹೇಗೆ? ಹಳ್ಳಿ ಗಾಳಿಗೆ ತುರಿಕೆ ಹೋದೀತು' ಅಂದಿದ್ದೀಯ. ಹಳ್ಳಿ ಗಾಳಿಯಲ್ಲಿ ಏನಿದೆ ಅಂದುಕೊಂಡೆ? ಹುಲ್ಲಿನ ಪರಾಗ, ಮಳೆಗಾಲದ ಬೂಷ್ಟು, ಕೊಟ್ಟಿಗೆಯ ಚಿಗಟ, ಬೇಲಿಯ ಉಣ್ಣಿ. ನಾಯಿಯೇನು ಹಳೇ ಸೋಫಾನಾ, ಹಳ್ಳಿಮನೆಗೆ ಸಾಗಿಸಲಿಕ್ಕೆ?

ಇರಲಿ, ತೀರ್ಮಾನ ನಿನ್ನದೇ. ಆಫೀಸು, ಮಗು, ಮೂರನೇ ಮಹಡಿ ಎಲ್ಲ ನನಗೂ ಗೊತ್ತು.

ನಾನು ಪಶು ಆಸ್ಪತ್ರೆಗೆ ಕಾಂಪೌಂಡರಾಗಿ ಸೇರಿದ ಕಾಲಕ್ಕೆ ಅಲ್ಲಿಗೆ ಬರುತ್ತಿದ್ದುದು ಹೆಚ್ಚಾಗಿ ದನ, ಎಮ್ಮೆಗಳೇ. ಕಾಲುಬಾಯಿ ಜ್ವರ, ಕರು ಅಡ್ಡ ಸಿಕ್ಕಿಕೊಂಡ ಹಸು, ಇವೇ ಕೆಲಸ. ನಾಯಿ ಕರೆತಂದವರನ್ನು ನೋಡಿ ಜನ ನಗುತ್ತಿದ್ದರು. ಮೈ ಕೆರೆದುಕೊಳ್ಳುವ ನಾಯಿಗೆಲ್ಲ ಕಜ್ಜಿ ನಾಯಿ ಅಂತ ಒಂದೇ ಹೆಸರು, ಲಾರಿ ಗ್ಯಾರೇಜಿನ ವೇಸ್ಟ್ ಆಯಿಲ್ ಅಂತ ಒಂದೇ ಮದ್ದು. ಬಳಿದದ್ದನ್ನು ನೆಕ್ಕಿ ನೆಕ್ಕಿ ಎಷ್ಟೋ ನಾಯಿಗಳು ಹಾಸಿಗೆ ಹಿಡಿದವು.

ಒಂದು ಸಲ ಅಡಿಕೆ ತೋಟದವರೊಬ್ಬರು ತಮ್ಮ ಕೆಂದ ನಾಯಿಯನ್ನು ಜೀಪಿನಲ್ಲಿ ಹಾಕಿಕೊಂಡು ಬಂದು, 'ಸೂಜಿ ಚುಚ್ಚಿ ಮುಗಿಸಿಬಿಡಿ' ಅಂದರು. ಸೊಂಟದಿಂದ ಬಾಲದ ಬುಡದವರೆಗೆ ಕೂದಲೇ ಇಲ್ಲ, ಹಸಿ ಗಾಯ. ನಮ್ಮ ಡಾಕ್ಟರು ಮಾತಾಡಲಿಲ್ಲ. ಒದ್ದೆ ಹತ್ತಿ ಹಾಸಿ, ಅದರ ಮೇಲೆ ನಾಯಿಯ ಬೆನ್ನು ಬಾಚಿದರು. ಉದುರಿದ ಕಪ್ಪು ಪುಡಿಯ ಸುತ್ತ ಹತ್ತಿ ಕೆಂಪಗಾಯಿತು. ಅದು ಚಿಗಟದ ಹಿಕ್ಕೆ, ಒಳಗಿರುವುದು ನಾಯಿಯದೇ ರಕ್ತ. 'ಮನೆಯಲ್ಲಿ ಇನ್ನೂ ಎರಡು ನಾಯಿ ಇವೆ, ಅವು ಕೆರೆದುಕೊಳ್ಳುವುದೇ ಇಲ್ವಲ್ಲ' ಅಂತ ಅವರ ವಾದ. ಚಿಗಟದ ಜೊಲ್ಲು ಆಗದ ನಾಯಿಗೆ ನಾಲ್ಕು ಕಡಿತವೇ ಸಾಕು, ಉಳಿದವಕ್ಕೆ ನೂರಾದರೂ ಏನಿಲ್ಲ ಅಂದರು ಡಾಕ್ಟರು. ಅದು ಮಲಗುತ್ತಿದ್ದ ಹುಲ್ಲು, ಗೋಣಿ ಎಲ್ಲ ಸುಡಿಸಿದರು. ಚಿಗಟದ ಮೊಟ್ಟೆ, ಮರಿಗಳು ಹೆಚ್ಚಾಗಿ ಇರುವುದು ನಾಯಿ ಮೈಮೇಲಲ್ಲ, ಹಾಸಿನಲ್ಲಿ. ದೀಪಾವಳಿ ಹೊತ್ತಿಗೆ ಬೆನ್ನ ತುಂಬ ಕೂದಲು ಬಂದಿತ್ತು. ಯಜಮಾನರು ಒಂದು ಗೊನೆ ಬಾಳೆಹಣ್ಣು ತಂದು ಕೊಟ್ಟರು, ಡಾಕ್ಟರು ಅದನ್ನು ನಮಗೇ ಹಂಚಿದರು.

ನಿನ್ನವನದು ಬೇರೆ ಥರ ಕಾಣುತ್ತದೆ. ಅಲರ್ಜಿ ಅಂದರೆ ಸೀನಬೇಕು ಅಂತ ಕಾಯಬೇಡ, ನಾಯಿಗೆ ಅದು ಹೆಚ್ಚಾಗಿ ಚರ್ಮದಲ್ಲೇ ತೋರುವುದು. ಫೋಟೋದಲ್ಲಿ ಪಾದದ ಕೂದಲು ಕಂದು ಬಣ್ಣಕ್ಕೆ ತಿರುಗಿದೆ, ನೆಕ್ಕಿ ನೆಕ್ಕಿ. ಕಿವಿ ವಾಸನೆ ಅಂತಲೂ ಬರೆದಿದ್ದೀಯ. ಪಾದ, ಕಿವಿ, ಕಂಕುಳು, ಹೊಟ್ಟೆ, ಅಲರ್ಜಿ ಹೆಚ್ಚಾಗಿ ಕಾಣುವುದು ಇಲ್ಲೇ. ಒಂದರಿಂದ ಮೂರು ವರ್ಷದ ಲ್ಯಾಬ್ರಡಾರಿನಲ್ಲಿ ಇದು ಶುರುವಾದರೆ ಧೂಳಿನ ನುಸಿಯೋ ಪರಾಗವೋ ಇರಬಹುದು, ಊಟವೂ ಇರಬಹುದು. ಮೊದಲು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಕಜ್ಜಿಹುಳ ಅಲ್ಲ ಅಂತ ಖಾತ್ರಿ ಮಾಡಿಕೊ.

'ಈಚೆಗೆ ನೀರು ಕುಡಿದೂ ಕುಡಿದೂ ನಡುಮನೆಯಲ್ಲೇ ಉಚ್ಚೆ ಹೊಯ್ಯುತ್ತಾನೆ, ಹೊಡೆದೆ' ಅಂದೆಯಲ್ಲ, ಅದು ನನಗೆ ಹಿಡಿಸಲಿಲ್ಲ. ಡಾಕ್ಟರ ಚೀಟಿ ತೆಗೆದು ನೋಡು. ತುರಿಕೆಗೆ ಹಾಕಿಸುತ್ತಿರುವ ಸೂಜಿ ಸ್ಟೀರಾಯ್ಡ್ ಆಗಿರಬೇಕು. ಅದು ಬಾಯಾರಿಕೆ, ಹಸಿವು ಎರಡನ್ನೂ ಏರಿಸುತ್ತದೆ. ಮದ್ದು ಮಾಡಿದ ತಪ್ಪಿಗೆ ನಾಯಿಗೆ ಪೆಟ್ಟು!

ಊಟದ ಅಲರ್ಜಿ ಪತ್ತೆಗೆ ರಕ್ತಪರೀಕ್ಷೆ ನಂಬುವಂಥದ್ದಲ್ಲ. ಎಂಟು ವಾರ ಅವನು ಎಂದೂ ತಿನ್ನದ ಮಾಂಸ, ಇಲ್ಲವೇ ಡಾಕ್ಟರು ಬರೆದುಕೊಟ್ಟ ವಿಶೇಷ ಆಹಾರ, ಅಷ್ಟೇ. ಬಿಸ್ಕತ್ತಿಲ್ಲ, ಪಾಪು ಬೀಳಿಸಿದ ಮೊಸರನ್ನವೂ ಇಲ್ಲ. ಕೋಳಿ, ಹಾಲು-ಮೊಸರು, ಗೋಧಿ, ನೀನು ದಿನಾ ಹಾಕುವವೇ ಬಹಳ ನಾಯಿಗಳಿಗೆ ಆಗದವು. ತುರಿಕೆ ಇಳಿದರೆ ಮತ್ತೆ ಕೋಳಿ ಹಾಕಿ ನೋಡಬೇಕು. ತಿರುಗಿ ಶುರುವಾದರೆ ಕಳ್ಳ ಸಿಕ್ಕ.

ಗಾಳಿಯ ಅಲರ್ಜಿಯಾದರೆ ಪೂರ್ತಿ ವಾಸಿಯಾಗದು, ಹತೋಟಿಯಲ್ಲಿಡಬಹುದು. ವಾಕಿಂಗ್ ಮುಗಿಸಿ ಬಂದೊಡನೆ ಪಾದ ಒರೆಸು, ಡಾಕ್ಟರು ಹೇಳಿದ ಶಾಂಪೂವಿನಲ್ಲಿ ವಾರಕ್ಕೊಮ್ಮೆ ಸ್ನಾನ ಮಾಡಿಸು. ಮನೆಯಲ್ಲಿ ಬೆಕ್ಕೂ ಇದೆಯಲ್ಲ, ನಾಯಿಯ ಚಿಗಟದ ಔಷಧ ಅದಕ್ಕೆ ಸೋಕಿಸಬೇಡ. ಪರ್ಮೆಥ್ರಿನ್ ಇದ್ದರೆ ಬೆಕ್ಕು ಸಾಯಲೂಬಹುದು.

ಬೈದೆ, ಬೇಜಾರು ಮಾಡಿಕೊಳ್ಳಬೇಡ. ರಾತ್ರಿಯೆಲ್ಲ ಆ ಕೆರೆತದ ಸದ್ದು ಕೇಳುತ್ತ ನಿದ್ದೆಗೆಟ್ಟವರಿಗೆ ಏನೇನೋ ಯೋಚನೆ ಬರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಮ್ಮೆ ತೋರಿಸು, ಹಳೇ ಚೀಟಿಗಳನ್ನೆಲ್ಲ ಒಯ್ಯು. ಅವನ ಹಾಸಿಗೆಗೆಂದು ನಿನ್ನ ದೊಡ್ಡಮ್ಮ ಹಳೇ ಹತ್ತಿ ಸೀರೆಗಳ ಗಂಟು ಕಟ್ಟಿಟ್ಟಿದ್ದಾಳೆ. ಭಾನುವಾರದ ಬಸ್ಸಿಗೆ ಹಾಕುತ್ತೇನೆ, ಬಿಸಿನೀರಲ್ಲಿ ಒಗೆದು ಬದಲಿಸುತ್ತಿರು.

ನಿನ್ನ
ದೊಡ್ಡಪ್ಪ