ಇರುವೆ ಒಂದು ಕಾಳೂ ಕೊಡಲಿಲ್ಲವೇಕೆ?

ಇರುವೆ ಮತ್ತು ಮಿಡತೆಯ ಕತೆ ಒಂದನೇ ಕ್ಲಾಸಿನವರಿಗೂ ಗೊತ್ತು. ಬೇಸಿಗೆಯೆಲ್ಲ ಇರುವೆ ದುಡಿಯಿತು, ಮಿಡತೆ ಹಾಡಿತು. ಚಳಿಗಾಲದಲ್ಲಿ ಮಿಡತೆ ಹಸಿದು ಬಂದರೆ, ಹಾಡಿದವನು ಈಗ ಕುಣಿ ಎಂದು ಇರುವೆ ಹೇಳಿ ಕಳಿಸಿತು. ಕೆಳಗೆ 'ನೀತಿ' ಅಂತ ಒಂದು ಗೆರೆ. ಅದನ್ನು ಬಾಯಿಪಾಠ ಮಾಡಿದರೆ ಮುಗೀತು. ಆದರೆ ಹಸಿದು ಬಾಗಿಲಿಗೆ ಬಂದವರಿಗೆ ಹಾಗೆ ಹೇಳೋದು ಸರಿಯೇ? ನನಗಂತೂ ಸರಿ ಕಾಣುವುದಿಲ್ಲ. ಈ ಕತೆಯ ಹಿನ್ನೆಲೆ ಓದಿದರೆ, ತುಂಬಾ ಜನರಿಗೆ ಹೀಗೇ ಅನ್ನಿಸಿದೆ ಎಂದು ತಿಳಿಯುತ್ತದೆ.

ಇದು ಗ್ರೀಸ್ ದೇಶದ ಕತೆ. ಕ್ರಿ.ಪೂ. 6ನೇ ಶತಮಾನದ ಈಸೋಪ ಎಂಬ ಗುಲಾಮ ಹೇಳಿದ್ದು ಅನ್ನುತ್ತಾರೆ. ಅವನ ಕೈಬರಹ ಒಂದು ಸಾಲೂ ಉಳಿದಿಲ್ಲ. ಜನ ಬಾಯಿಂದ ಬಾಯಿಗೆ ಹೇಳಿದ್ದನ್ನು ಆಮೇಲೆ ಬೇರೆಯವರು ಬರೆದಿಟ್ಟರು. ಗ್ರೀಕರ ಕತೆಯಲ್ಲಿ ಮಿಡತೆ ಇಲ್ಲವೇ ಇಲ್ಲ, ಜೀರುಂಡೆ ಇದೆ! ಮರದ ಮೇಲೆ ಕೂತು ಜೀರ್ ಅಂತ ಕಿವಿ ತೂತು ಬೀಳೋ ಹಾಗೆ ಕೂಗುತ್ತಲ್ಲ, ಅದೇ. ಚಳಿ ಜಾಸ್ತಿ ಇರುವ ಉತ್ತರದ ದೇಶಗಳಲ್ಲಿ ಜೀರುಂಡೆ ಅಪರೂಪ. ಅಲ್ಲಿ ಅದು ಮಿಡತೆಯಾಯಿತು.

ಈಸೋಪನ ಹೆಸರಿನಲ್ಲೇ ಇರುವೆಯ ಇನ್ನೊಂದು ಕತೆ ಇದೆ. ಇದನ್ನು ನಮಗೆ ಯಾರೂ ಹೇಳೋದಿಲ್ಲ. ಇರುವೆ ಮೊದಲು ಒಬ್ಬ ರೈತನಾಗಿತ್ತಂತೆ. ತನ್ನ ಬೆಳೆ ಸಾಲದೆ ಪಕ್ಕದ ಹೊಲದವರದನ್ನೂ ಕದಿಯುತ್ತಿದ್ದ. ಝ್ಯೂಸ್ ದೇವರು ಸಿಟ್ಟಾಗಿ ಅವನನ್ನು ಇರುವೆ ಮಾಡಿದ. ರೂಪ ಬದಲಾದರೂ ಬುದ್ಧಿ ಬದಲಾಗಲಿಲ್ಲ. ಇವತ್ತಿಗೂ ಕಂಡವರ ಹೊಲದ ಕಾಳು ಹೊರುತ್ತದೆ! ಜೀರುಂಡೆ ಬಗ್ಗೆಯೋ, ಪ್ಲೇಟೋ ಬರೆದ 'ಫೀಡ್ರಸ್' ಎಂಬ ಪುಸ್ತಕದಲ್ಲಿ ಸಾಕ್ರೆಟಿಸ್ ಬೇರೆಯೇ ಹೇಳುತ್ತಾನೆ. ಅವು ಹಿಂದೆ ಮನುಷ್ಯರಾಗಿದ್ದವು. ಹಾಡಿನ ಗುಂಗಿನಲ್ಲಿ ಊಟ ಮರೆತು ಸತ್ತವು. ಹಸಿವಿಲ್ಲದೆ ಹಾಡುವ ವರವನ್ನು ಕಲೆಯ ದೇವತೆಯರು ಕೊಟ್ಟರು.

1668ರಲ್ಲಿ ಫ್ರಾನ್ಸಿನ ಲಾ ಫಾಂಟೇನ್ ಎಂಬ ಕವಿ ತನ್ನ ಪುಸ್ತಕದ ಮೊದಲ ಕತೆಯಾಗಿ ಇದನ್ನೇ ಇಟ್ಟ. ಅವನ ಜೀರುಂಡೆ ಕಾಳನ್ನು ಸಾಲ ಕೇಳುತ್ತದೆ, ಬಡ್ಡಿ ಕೊಡ್ತೀನಿ ಅನ್ನುತ್ತದೆ. ಆದರೂ ಇಲ್ಲ! 1924ರಲ್ಲಿ ಇಂಗ್ಲೆಂಡಿನ ಸಾಮರ್ಸೆಟ್ ಮಾಮ್ ಕತೆಯನ್ನೇ ತಿರುಗಿಸಿದ. ಅದರಲ್ಲಿ ಅಣ್ಣ ದುಡಿಯುತ್ತಾನೆ, ತಮ್ಮ ಮಜಾ ಮಾಡುತ್ತಾನೆ. ಕೊನೆಗೆ ದೊಡ್ಡ ಆಸ್ತಿ ಸಿಗೋದು ತಮ್ಮನಿಗೆ. ಓದಿದರೆ ನಗು ಬರುತ್ತೆ, ಆದರೆ ಅಣ್ಣನ ಹೊಟ್ಟೆಯುರಿ ನೋಡಿದರೆ ಪಾಪ ಅನ್ನಿಸುತ್ತೆ.

ನನಗೆ ಎಲ್ಲರಿಗಿಂತ ಇಷ್ಟವಾದವರು ಫಾಬ್ರ್ (1823–1915). ಅವರು ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಆಮೇಲೆ ಹಳ್ಳಿಯಲ್ಲಿ ನೆಲೆಸಿ, ಹುಳುಗಳನ್ನು ಗಂಟೆಗಟ್ಟಲೆ ಕೂತು ನೋಡಿ ಬರೆದರು. ಅವರು ಹೇಳೋದೇನು? ಜೀರುಂಡೆ ಚಳಿಗಾಲಕ್ಕೆ ಬದುಕಿರುವುದೇ ಇಲ್ಲ. ಅದಕ್ಕೆ ಕಾಳು ತಿನ್ನಲು ಬಾಯಿಯೂ ಇಲ್ಲ, ರಸ ಹೀರುವ ಕೊಳವೆ ಮಾತ್ರ ಇದೆ. ಉರಿ ಬಿಸಿಲಿನಲ್ಲಿ ಅದು ತೊಗಟೆ ಕೊರೆದು ರಸ ಕುಡಿಯುತ್ತಿದ್ದರೆ, ಬಾಯಾರಿದ ಇರುವೆಗಳು ಬಂದು ಮುತ್ತುತ್ತವೆ. ಕಾಲು ಕಚ್ಚುತ್ತವೆ, ರೆಕ್ಕೆ ಎಳೆಯುತ್ತವೆ. ಕಾಟ ತಡೆಯದೆ ಜೀರುಂಡೆ ಬಾವಿ ಬಿಟ್ಟುಕೊಟ್ಟು ಹಾರಿಹೋಗುತ್ತದೆ. ಅಂದರೆ ಬೇಡಲು ಬಂದದ್ದು ಇರುವೆ, ಅದೂ ದಬ್ಬಾಳಿಕೆಯಿಂದ! ಕೆಲವು ವಾರಗಳಲ್ಲಿ ಜೀರುಂಡೆ ಸತ್ತು ನೆಲಕ್ಕೆ ಬಿದ್ದರೆ, ಅದನ್ನು ತುಂಡು ಮಾಡಿ ಗೂಡಿಗೆ ಹೊರುವವೂ ಇರುವೆಗಳೇ.

ಒಂದು ಮಾತು ಮಾತ್ರ ಇರುವೆಯ ಕಡೆಯಿಂದ ಹೇಳಬೇಕು. ಗ್ರೀಕ್ ಕತೆಯಲ್ಲಿ ಇರುವೆಗಳು ನೆನೆದ ಕಾಳನ್ನು ಒಣಗಿಸುತ್ತಿರುತ್ತವೆ. ಅದು ಕಟ್ಟುಕತೆಯಲ್ಲ, ಆ ಕಡೆ ಕಾಳು ಕೂಡಿಡುವ ಇರುವೆಗಳು ನಿಜವಾಗಿಯೂ ಇವೆ. ಇನ್ನೂ ಹೆಚ್ಚಿಗೆ ಯಾರಾದರೂ ಇರುವೆಯ ಪರ ಬರೆಯುವುದಾದರೆ ಮುಂದಿನ ತಿಂಗಳ ಹಾಳೆಯಲ್ಲಿ ಜಾಗ ಇದೆ.