ಫೋಲ್ಡರಿಗೆ ಹತ್ತಿರದ ದಾರಿ

ಅಡಿಗೆಮನೆಯಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ, ಅರಿಸಿನಗಳಿರುವ ಒಗ್ಗರಣೆ ಡಬ್ಬಿ ಒಲೆಯ ಪಕ್ಕದಲ್ಲಿಯೇ ಇರುತ್ತದೆ. ಹಬ್ಬಕ್ಕೊಮ್ಮೆ ಬೇಕಾಗುವ ದೊಡ್ಡ ಕೊಳಗ, ಚಕ್ಕುಲಿ ಒರಳು ಅಟ್ಟದ ಮೇಲಿರುತ್ತವೆ. ಹೀಗಿಡಬೇಕೆಂದು ಯಾರೂ ಯಾರಿಗೂ ಪಾಠ ಹೇಳಬೇಕಾಗಿಲ್ಲ. ಆದರೆ ಅದೇ ಮನೆಯ ಗಣಕಯಂತ್ರವನ್ನು ತೆರೆದು ನೋಡಿದರೆ, ದಿನಕ್ಕೆ ಹತ್ತು ಬಾರಿ ಬೇಕಾಗುವ ಫೋಲ್ಡರು ಬೇರೆ ಫೋಲ್ಡರುಗಳ ಒಳಗೆ, ಅವುಗಳ ಒಳಗೆ, ಎಲ್ಲೋ ಅಡಗಿ ಕುಳಿತಿರುವುದು. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಸ್ವಲ್ಪ ಲೆಕ್ಕ ಮಾಡಿಯೇ ನೋಡೋಣ.

ಫೋಲ್ಡರಿನೊಳಗೆ ಫೋಲ್ಡರು ಎಂಬ ಏರ್ಪಾಡು ಮರದಂತಹುದು. ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಅಮೆರಿಕದಲ್ಲಿ ‘ಮಲ್ಟಿಕ್ಸ್’ ಎಂಬ ಗಣಕವ್ಯವಸ್ಥೆ ರೂಪುಗೊಳ್ಳುತ್ತಿದ್ದ ಕಾಲದಲ್ಲಿ, 1965ರಲ್ಲಿ, ಡೇಲಿ ಮತ್ತು ನ್ಯೂಮನ್ ಎಂಬಿಬ್ಬರು ಇದನ್ನು ಒಂದು ಪ್ರಬಂಧದಲ್ಲಿ ವಿವರಿಸಿದರು. ಸಣ್ಣ ಗಣಕಗಳಿಗೆ ಇದು ಬಂದುದು ತಡವಾಗಿ. 1981ರ ಮೊದಲ ಎಂ.ಎಸ್.ಡಾಸ್‌ನಲ್ಲಿ ಒಳಫೋಲ್ಡರುಗಳೇ ಇರಲಿಲ್ಲ, 1983ರ ಎರಡನೆಯ ಆವೃತ್ತಿಯಲ್ಲಿ ಬಂದುವು. ಮರದ ಗುಣ ದೊಡ್ಡದು. ಒಂದೊಂದು ಹಂತದಲ್ಲಿ ನಾಲ್ಕೇ ಕವಲುಗಳಿದ್ದರೂ ಮೂರು ಹಂತಗಳಲ್ಲಿ 4×4×4, ಅಂದರೆ 64 ಫೋಲ್ಡರುಗಳು ಅಚ್ಚುಕಟ್ಟಾಗಿ ಹಿಡಿಯುತ್ತವೆ. ಅದರ ದೋಷವೂ ಅಲ್ಲಿಯೇ ಇದೆ: ಮರಕ್ಕೆ ಪಕ್ಷಪಾತವಿಲ್ಲ. ದಿನವೂ ಬೇಕಾಗುವುದೂ ವರ್ಷಕ್ಕೊಮ್ಮೆ ಬೇಕಾಗುವುದೂ ಅದಕ್ಕೆ ಒಂದೇ ದೂರ.

ಕುತೂಹಲದ ಸಂಗತಿಯೆಂದರೆ, ಈ ರೋಗಕ್ಕೆ ಮದ್ದು ಅದೇ 1965ರ ಪ್ರಬಂಧದಲ್ಲಿಯೇ ಇದೆ. ಒಂದು ಕೊಂಬೆಯಿಂದ ಇನ್ನೊಂದು ಕೊಂಬೆಗೆ ನೇರವಾಗಿ ‘ಕೊಂಡಿ’ ಹಾಕಬಹುದೆಂದು ಅವರು ಸೂಚಿಸಿದ್ದರು. ಮೆಕಿಂತೋಷ್ ಗಣಕಗಳಲ್ಲಿ 1991ರಲ್ಲಿ ‘ಅಲಿಯಾಸ್’ ಎಂದೂ, ವಿಂಡೋಸ್‌ನಲ್ಲಿ 1995ರಲ್ಲಿ ‘ಶಾರ್ಟ್‌ಕಟ್’ ಎಂದೂ ಬಂದುದು ಈ ಕೊಂಡಿಯ ಬಳಗವೇ. 2015ರ ವಿಂಡೋಸ್ 10ರಲ್ಲಿ ‘ಕ್ವಿಕ್ ಆ್ಯಕ್ಸೆಸ್’ ಎಂಬ ಪಟ್ಟಿ ಬಂದಿತು. ಇದನ್ನು ನಾವು ‘ಕೈಗೂಡು’ ಎನ್ನೋಣ.

ಈ ಕೈಗೂಡಿನಲ್ಲಿ ಎಷ್ಟು ಹೆಸರುಗಳಿರಬೇಕು? ಹೆಚ್ಚಿದ್ದಷ್ಟೂ ಒಳ್ಳೆಯದೆಂದು ತೋರುವುದು ಸಹಜ. ಪರೀಕ್ಷಿಸೋಣ. ಅಮೆರಿಕದ ಜಾರ್ಜ್ ಕಿಂಗ್ಸ್‌ಲಿ ಝಿಫ್ ಎಂಬ ವಿದ್ವಾಂಸನು ಪುಸ್ತಕಗಳಲ್ಲಿ ಪದಗಳ ಬಳಕೆಯನ್ನು ಎಣಿಸಿ ಒಂದು ನಿಯಮವನ್ನು ಪ್ರಸಿದ್ಧಿಗೆ ತಂದನು. ಅತಿ ಹೆಚ್ಚು ಬಳಕೆಯ ಪದಕ್ಕೆ ಹೋಲಿಸಿದರೆ ಎರಡನೆಯದರ ಬಳಕೆ ಸುಮಾರು ಅರ್ಧ, ಮೂರನೆಯದರದು ಮೂರರಲ್ಲೊಂದು ಪಾಲು, ಹೀಗೆ ಇಳಿಯುತ್ತದೆ. ನಮ್ಮ 64 ಫೋಲ್ಡರುಗಳ ಬಳಕೆಯೂ ಹೀಗೆಯೇ ಇದೆಯೆಂದು ಇಟ್ಟುಕೊಳ್ಳೋಣ. 1, 1/2, 1/3 ಎಂದು 1/64ರವರೆಗೆ ಕೂಡಿದರೆ 4.74 ಬರುತ್ತದೆ. ಮೊದಲ ಐದರ ಮೊತ್ತವೇ 2.28. ಅಂದರೆ ಐದೇ ಫೋಲ್ಡರುಗಳು ನೂರಕ್ಕೆ 48ರಷ್ಟು ಕೆಲಸವನ್ನು ಹೊರುತ್ತವೆ! ಹತ್ತಕ್ಕೆ ಏರಿಸಿದರೆ ನೂರಕ್ಕೆ 62, ಇಪ್ಪತ್ತಕ್ಕೆ ಏರಿಸಿದರೆ 76. ಗೂಡನ್ನು ಇಮ್ಮಡಿಸಿದಾಗಲೆಲ್ಲ ಸಿಗುವ ಲಾಭ ಹದಿನಾಲ್ಕು ಪಾಲು ಮಾತ್ರ.

ಇನ್ನು ಕಾಲದ ಲೆಕ್ಕ. ಮರದ ಒಂದೊಂದು ಹಂತಕ್ಕೆ 4 ಸೆಕೆಂಡು, ಗೂಡಿನ ಒಂದೊಂದು ಹೆಸರನ್ನು ಓದಲು ಕಾಲು ಸೆಕೆಂಡು, ಕಂಡ ಹೆಸರನ್ನು ಒತ್ತಲು 2 ಸೆಕೆಂಡು ಎಂದು ಭಾವಿಸೋಣ. ಹೆಸರುಗಳು ಯಾವ ಕ್ರಮದಲ್ಲಾದರೂ ಇರಲಿ. ಗೂಡಿನಲ್ಲಿ ಇಲ್ಲದಿದ್ದರೆ, ಅಷ್ಟೂ ಹೆಸರುಗಳನ್ನು ಓದಿ ಮುಗಿಸಿ ಮತ್ತೆ ಮರವನ್ನು ಹತ್ತಬೇಕಷ್ಟೆ. ಗೂಡೇ ಇಲ್ಲದಿದ್ದರೆ ಸರಾಸರಿ 12 ಸೆಕೆಂಡು. ಐದು ಹೆಸರುಗಳ ಗೂಡಿನಲ್ಲಿ 8.2, ಹತ್ತಿದ್ದರೆ 7.6, ಇಪ್ಪತ್ತಿದ್ದರೂ 7.6! ಮೂವತ್ತಕ್ಕೆ ಏರಿಸಿದರೆ 8.0ಕ್ಕೆ ಹಿಂದಿರುಗುತ್ತದೆ, ಅರವತ್ತನಾಲ್ಕನ್ನೂ ಸೇರಿಸಿದರೆ 10.1. ತುಂಬಿದ ಗೂಡು ತಾನೇ ಒಂದು ಹುಡುಕಾಟವಾಗುತ್ತದೆ. ವಿದ್ಯಾರ್ಥಿಗಳು ತಮ್ಮ ಊಹೆಯ ಬೆಲೆಗಳನ್ನು ಹಾಕಿ ನೋಡಬಹುದು. ಅಂಕಿಗಳು ಬದಲಾದರೂ ವಕ್ರರೇಖೆಯು ಮೊದಲು ಕಡಿದಾಗಿ ಇಳಿದು, ಮಟ್ಟಸವಾಗಿ, ಆಮೇಲೆ ಏರುವುದನ್ನು ಸಾಮಾನ್ಯವಾಗಿ ಕಾಣುವರು.

ಉಳಿತಾಯವನ್ನು ಉತ್ಪ್ರೇಕ್ಷಿಸುವುದು ತರವಲ್ಲ. ದಿನಕ್ಕೆ ನಲವತ್ತು ಬಾರಿ ಫೋಲ್ಡರು ತೆರೆಯುವವನಿಗೆ ದೊರೆಯುವುದು ಮೂರು ನಿಮಿಷ ಮಾತ್ರ. ಆದರೆ ಸಮೀಕರಣವೊಂದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಅಂಕಿಗಳನ್ನು ಹುಡುಕಲು ಹೊರಟವನು ಮೂರನೆಯ ಹಂತದಲ್ಲಿ ಸಮೀಕರಣವನ್ನೇ ಮರೆತಿರುತ್ತಾನೆ. ಈ ನಷ್ಟ ಸೆಕೆಂಡುಗಳ ಲೆಕ್ಕಕ್ಕೆ ಸಿಗುವುದಿಲ್ಲ.

ಗೂಡನ್ನು ತುಂಬುವವರು ಯಾರು? ಯಂತ್ರವೇ ನಮ್ಮ ಬಳಕೆಯನ್ನು ಗಮನಿಸಿ ತುಂಬಬಲ್ಲದು. ಬಳಸಿದ್ದನ್ನು ಒಡನೆಯೇ ಪಟ್ಟಿಯ ತುದಿಗೆ ತರುವ ಸರಳ ವಿಧಾನವು, ಮುಂದೆ ಬೇಕಾಗುವುದನ್ನೆಲ್ಲ ಮೊದಲೇ ತಿಳಿದು ಜೋಡಿಸುವ ಉತ್ತಮ ವಿಧಾನಕ್ಕಿಂತಲೂ ಹೆಚ್ಚೆಂದರೆ ಸುಮಾರು ಎರಡರಷ್ಟು ಮಾತ್ರ ಶ್ರಮ ಬೇಡುತ್ತದೆಂದು ಸ್ಲೀಟರ್ ಮತ್ತು ಟಾರ್ಜನ್ 1985ರಲ್ಲಿ ಸಾಧಿಸಿ ತೋರಿಸಿದರು. ಸೊಗಸಾದ ಪ್ರಮೇಯ. ಆದರೂ ಮನೆಯ ಗಣಕದಲ್ಲಿ ಕೈಯಾರೆ ತುಂಬುವುದೇ ಲೇಸೆಂದು ನನ್ನ ಅಭಿಪ್ರಾಯ. ಹೆಸರುಗಳ ಸ್ಥಾನ ಬದಲಾಗದಿದ್ದರೆ ಕೆಲವು ದಿನಗಳಲ್ಲಿ ಕೈಗೇ ದಾರಿ ಗೊತ್ತಾಗುತ್ತದೆ; ಓದುವ ಕಾಲು ಸೆಕೆಂಡೂ ಉಳಿಯುತ್ತದೆ. ಅಲ್ಲದೆ, ಅಣ್ಣ ತಂಗಿಯರು ಒಂದೇ ಖಾತೆಯಲ್ಲಿ ಕೆಲಸ ಮಾಡುವ ಮನೆಯಲ್ಲಿ ಒಬ್ಬರ ಬಳಕೆ ಇನ್ನೊಬ್ಬರ ಕಣ್ಣಿಗೆ ಬೀಳಬೇಕಾಗಿಲ್ಲ.

ಮಾಡುವ ಕ್ರಮ ಸುಲಭ. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ‘ಪಿನ್ ಟು ಕ್ವಿಕ್ ಆ್ಯಕ್ಸೆಸ್’ ಎಂಬುದನ್ನು ಆರಿಸಬೇಕು. ಆಮೇಲೆ ವಿಂಡೋಸ್ ಕೀಲಿಯೊಡನೆ ‘ಇ’ ಒತ್ತಿದರೆ ತೆರೆಯುವ ಕಿಟಕಿಯ ಎಡಬದಿಯಲ್ಲಿ ಅದು ಕಾಣುತ್ತದೆ. ಇನ್ನೂ ವೇಗ ಬೇಕಾದವರು ಡೆಸ್ಕ್‌ಟಾಪಿನಲ್ಲಿ ಆ ಫೋಲ್ಡರಿನ ಶಾರ್ಟ್‌ಕಟ್ಟನ್ನು ಇಟ್ಟು, ಅದರ ‘ಪ್ರಾಪರ್ಟೀಸ್’ನಲ್ಲಿ ‘ಶಾರ್ಟ್‌ಕಟ್ ಕೀ’ ಎಂಬಲ್ಲಿ ಒಂದು ಅಕ್ಷರವನ್ನು ಒತ್ತಲಿ. ಅಂದಿನಿಂದ ಕಂಟ್ರೋಲ್, ಆಲ್ಟ್ ಕೀಲಿಗಳೊಡನೆ ಆ ಅಕ್ಷರವನ್ನು ಒತ್ತಿದರೆ ಫೋಲ್ಡರು ತೆರೆದುಕೊಳ್ಳುವುದು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಶಾರ್ಟ್‌ಕಟ್ ಎಂಬುದು ಫೋಲ್ಡರಲ್ಲ, ಅದರ ವಿಳಾಸವನ್ನು ಬರೆದಿಟ್ಟ ಪುಟ್ಟ ಕಡತ. ಅದನ್ನು ಅಳಿಸಿದರೆ ಫೋಲ್ಡರಿಗೆ ಏನೂ ಆಗದು. ಆದರೆ ಅದನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಕಾಲೇಜಿಗೆ ಬಂದರೆ, ಬಂದುದು ಊರಿನ ಕೈಮರವೇ ಹೊರತು ಊರಲ್ಲ. ಸೆಮಿನಾರಿನ ದಿನ ಬೆಳಿಗ್ಗೆ, ಒಂದು ತಿಂಗಳು ಶ್ರಮಪಟ್ಟು ಸಿದ್ಧಪಡಿಸಿದ ಚಿತ್ರಗಳೆಲ್ಲ ಮನೆಯಲ್ಲಿಯೇ ಉಳಿದು, ಪೆನ್‌ಡ್ರೈವಿನಲ್ಲಿ ಬಾಣದ ಗುರುತಿನ ಒಂದು ಚಿಹ್ನೆ ಮಾತ್ರ ಇರುವ ವಿದ್ಯಾರ್ಥಿಯ ಮುಖವನ್ನು ಅಧ್ಯಾಪಕರಲ್ಲಿ ಹಲವರು ಕಂಡಿದ್ದಾರೆ. ಚಿಹ್ನೆಯ ಮೂಲೆಯಲ್ಲಿ ಸಣ್ಣ ಬಾಣವಿದ್ದರೆ ಅದು ಕೈಮರವೆಂದು ತಿಳಿಯಬೇಕು. ನಕಲು ಮಾಡಬೇಕಾದುದು ಮೂಲ ಫೋಲ್ಡರನ್ನು.

ವಾಚಕರಿಗೆ ಒಂದು ಪ್ರಯೋಗ: ಒಂದು ವಾರ ನೀವು ತೆರೆದ ಫೋಲ್ಡರುಗಳನ್ನು ಕಾಗದದ ಮೇಲೆ ಗೀಟು ಹಾಕಿ ಎಣಿಸಿರಿ. ಹೆಚ್ಚಿನದರಿಂದ ಕಡಿಮೆಯದಕ್ಕೆ ಜೋಡಿಸಿ, ಒಂದೊಂದರ ಸ್ಥಾನವನ್ನು ಅದರ ಎಣಿಕೆಯಿಂದ ಗುಣಿಸಿರಿ. ಗುಣಲಬ್ಧಗಳು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಝಿಫ್‌ನ ನಿಯಮ ನಿಮ್ಮ ಮನೆಯಲ್ಲಿಯೂ ನಡೆಯುತ್ತಿದೆ. ಬೇಗನೆ ಕುಗ್ಗುತ್ತ ಹೋದರೆ ನಿಮಗೆ ಐದು ಹೆಸರುಗಳ ಗೂಡು ಸಾಕು.