ತುಂಬುಪುಡಿಯೂ ರಾಳದ ಹರಿವೂ
ಎಪಾಕ್ಸಿ ರಾಳವು ಗಟ್ಟಿಯಾಗುವಾಗ ಬಿಸಿಯೇರಿ ಕುಗ್ಗುತ್ತದೆ. ಇದನ್ನು ತಗ್ಗಿಸಲು ವಿದ್ಯುನ್ನಿರೋಧಕಗಳ ಎರಕದಲ್ಲಿ ಬೆಣಚುಕಲ್ಲಿನ ಪುಡಿಯನ್ನು ಬೆರೆಸುವರು. ಪುಡಿ ಹೆಚ್ಚಿದಂತೆ ಸ್ನಿಗ್ಧತೆಯೂ ಏರುವುದು. ಗಾಳಿಗುಳ್ಳೆಗಳು ಹೊರಬರಲಾರದೆ ಒಳಗುಳಿದರೆ ಅಲ್ಲಿಯೇ ಕಿಡಿ ಹುಟ್ಟಿ ನಿರೋಧಕವು ಕೆಡುವುದು.

ವಿರಳವಾದ ಗೋಲಕಣಗಳಿಗೆ ಐನ್‌ಸ್ಟೈನರು 1906ರಲ್ಲಿ ನೀಡಿ 1911ರಲ್ಲಿ ತಿದ್ದಿದ ಸೂತ್ರದಂತೆ, ಗಾತ್ರದಲ್ಲಿ ನೂರಕ್ಕೆ 2 ಭಾಗ ಕಣಗಳಿದ್ದರೆ ಸ್ನಿಗ್ಧತೆಯು ನೂರಕ್ಕೆ 5ರಷ್ಟೇ ಏರುವುದು. ಕಣಗಳು ಒತ್ತೊತ್ತಾದಾಗ ಈ ಲೆಕ್ಕ ಸಾಲದು: ಒಂದೇ ಅಳತೆಯ ಗೋಲಗಳು ನೂರಕ್ಕೆ ಸುಮಾರು 64 ಭಾಗ ತುಂಬುವ ಹೊತ್ತಿಗೆ ಹರಿವೇ ನಿಲ್ಲುವುದು. ದಪ್ಪ ಕಣಗಳ ಸಂದಿಯಲ್ಲಿ ಸಣ್ಣವು ಕೂರುವಂತೆ ಬೆರೆಸಿದರೆ, ಅಷ್ಟೇ ಪುಡಿಯಿದ್ದರೂ ರಾಳವು ಸಲೀಸಾಗಿ ಹರಿಯುವುದು.

ಅತಿ ನುಣ್ಣನೆಯ ಫ್ಯೂಮ್ಡ್ ಸಿಲಿಕದ ರೀತಿಯೇ ಬೇರೆ. ಅದರ ಕಣಗಳು ಪರಸ್ಪರ ಹಿಡಿದು ಬಲೆಯಾಗುವುವು. ಕಲಕಿದರೆ ಬಲೆ ಹರಿದು ರಾಳ ತೆಳುವಾಗುವುದು, ಬಿಟ್ಟರೆ ಮರಳಿ ಮಂದವಾಗುವುದು. ಗೋಡೆಗೆ ಬಳಿದ ಅಂಟು ಜಾರದಿರಲು ಇದು ಬೇಕು, ಎರಕಕ್ಕೆ ಸಲ್ಲದು.